ಕಾಣದ ಸಹಿಗೆ ಸಾಕ್ಷಿ

ಸಾಕ್ಷಿ ಎಂದರೇನು ಎಂದು ಲಕ್ಷ್ಮೀಶನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನು ಡಾಕ್ಟರ್ ಆಗಿದ್ದೇ ಸಾಕ್ಷಿಗಳ ಮೇಲೆ. ಏಳೆಂಟು ನೂರು ವರ್ಷಗಳ ಹಿಂದೆ, ಬೈಜಾಂಟಿಯಮ್ ದೊರೆಗಳ ಕಾಲದಲ್ಲಿ, ಈಗಿನ ಟರ್ಕಿಯಲ್ಲಿರುವ ಸ್ಮಿರ್ನಾ ಪಟ್ಟಣದ ಸುತ್ತಲಿನ ಹಳ್ಳಿಗಳ ರೈತರು ತುಂಡು ಹೊಲವನ್ನೋ ನಾಲ್ಕು ಆಲಿವ್ ಮರಗಳನ್ನೋ ಮಾರುವಾಗ ಬರೆಸುತ್ತಿದ್ದ ಕ್ರಯಪತ್ರಗಳನ್ನು ಓದಿ ಓದಿ ಕನ್ನಡಕ ಬರಿಸಿಕೊಂಡ ಪುಣ್ಯಾತ್ಮ ಅವನು. ಅಕ್ಷರ ಬಾರದ ರೈತ ಪತ್ರದ ತಲೆಯ ಮೇಲೆ ಒಂದು ಶಿಲುಬೆ ಗೀಚುತ್ತಿದ್ದ. ಬರೆಯುವವನು ಅದರ ಸುತ್ತ ರೈತನ ಹೆಸರು ತುಂಬುತ್ತಿದ್ದ. ಹೆಂಡತಿ ಮಕ್ಕಳೂ ಒಪ್ಪಿ ಗೀಚಬೇಕು. ಊರ ಪಾದ್ರಿ, ಪಕ್ಕದ ಹೊಲದವನು, ನಾಲ್ಕು ಜನ ಹಿರಿಯರು ಎದುರಿಗೆ ನಿಂತು ಅದನ್ನು ಕಣ್ಣಾರೆ ನೋಡಬೇಕು. ನೋಡದವನು ಸಾಕ್ಷಿಯಲ್ಲ. ಸಿಡ್ನಿಯ ವಿಶ್ವವಿದ್ಯಾಲಯವೊಂದರಲ್ಲಿ ಲಕ್ಷ್ಮೀಶ ಹುಡುಗರಿಗೆ ವಾರವಾರವೂ ಇದನ್ನೇ ಪಾಠ ಹೇಳುತ್ತಿದ್ದ.

ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಎರಡು ಸಾವಿರದ ಏಳರ ಯುಗಾದಿಯ ದಿನ ಇದೇ ಲಕ್ಷ್ಮೀಶ, ಎದುರಿಗೇ ಇಲ್ಲದ ಹೆಂಗಸಿನ ಸಹಿಗೆ ಸಾಕ್ಷಿ ಹಾಕಿ ಬಂದ.

ಹಾಕಿಸಿಕೊಂಡವರು ಚನ್ನಮಲ್ಲಪ್ಪ. ಗದಗಿನ ಕಡೆಯವರು, ಮೆಲ್ಬರ್ನಿನ ಕ್ರೇಗಿಬರ್ನ್‌ನಲ್ಲಿ ಮನೆ ಮಾಡಿಕೊಂಡವರು, ಕನ್ನಡದವರ ಯಾವ ಹಬ್ಬವಾದರೂ ಮೊದಲ ಸಾಲಿನಲ್ಲಿ ಕೂರುವವರು. ಎಲ್ಲರಿಗೂ ಅವರು ಅಂಕಲ್. ಲಕ್ಷ್ಮೀಶ ತಿಪಟೂರಿನಿಂದ ಮೊದಲು ಬಂದಿಳಿದದ್ದು ಮೆಲ್ಬರ್ನಿಗೆ. ಆಗ ಬಾಡಿಗೆ ಮನೆ ಸಿಗುವ ತನಕ ಅವನನ್ನು ಇಟ್ಟುಕೊಂಡು ಅನ್ನ ಹಾಕಿದ ಮನೆ ಅದು. ಹಾಕಿದವರು ಅಂಕಲ್ ಅಲ್ಲ, ಅವರ ಹೆಂಡತಿ ಶಿವಲಿಂಗವ್ವ. ಹಗಲೆಲ್ಲ ಬಿಸ್ಕತ್ತಿನ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡಿ, ಕಾಲಿನ ನರ ಉಬ್ಬಿಸಿಕೊಂಡು ಬಂದು, ನಿಂತೇ ರೊಟ್ಟಿ ಬಡಿದು ಇವನ ತಟ್ಟೆಗೆ ಹಾಕುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ.

ಯುಗಾದಿಗೆಂದು ಸಿಡ್ನಿಗೆ ಬಂದಿದ್ದ ಅಂಕಲ್, ಊಟ ಮುಗಿದ ಮೇಲೆ ಇವನನ್ನು ಸಭಾಂಗಣದ ಹಿಂದಿನ ಕಾರ್ ಪಾರ್ಕಿಗೆ ಕರೆದೊಯ್ದರು. ಕಾರಿನ ಬಾನೆಟ್ ಮೇಲೆ ಒಂದು ಕಾಗದ ಹರವಿದರು.

"ಮನಿ ಮಾರಾಕತ್ತೀನಿ ತಮ್ಮಾ. ಊರಾಗ ತಮ್ಮಂದಿರ ಜೋಡಿ ಕಲ್ಯಾಣ ಮಂಟಪ ಕಟ್ಟಿಸೂದೈತಿ. ಮನಿ ಇಬ್ಬರ ಹೆಸರಿಗೂ ಐತಲ್ಲ, ನಿಮ್ಮ ಆಂಟಿ ಸಹಿ ಮಾಡ್ಯಾಳ. ನೀ ಇಲ್ಲೊಂದು ಸಾಕ್ಷಿ ಹಾಕು."

"ಆಂಟಿ ಬಂದಿಲ್ವಾ ಅಂಕಲ್?"

"ಆಕಿಗೆ ಕಾಲುಬ್ಯಾನಿ. ಯಾಕ, ನನ್ನ ಮ್ಯಾಲೆ ನಂಬಿಕಿ ಇಲ್ಲೇನು?"

ಅಷ್ಟೇ. ನಂಬಿಕೆಯ ಮಾತು ಬಂದ ಮೇಲೆ ನಮ್ಮವರು ಯಾರಾದರೂ ಪೆನ್ನು ಕೆಳಗಿಟ್ಟದ್ದುಂಟೆ? ಆಂಟಿ ನಮ್ಮ ಕಣ್ಣೆದುರು ಸಹಿ ಮಾಡಲಿ ಎಂದರೆ ಅನ್ನ ಹಾಕಿದವರನ್ನು ಕಳ್ಳರೆಂದ ಹಾಗೆ. 'ನನ್ನ ಸಮಕ್ಷಮದಲ್ಲಿ ಸಹಿ ಮಾಡಿದರು' ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿದ್ದ ಸಾಲಿನ ಕೆಳಗೆ ಲಕ್ಷ್ಮೀಶ ತನ್ನ ಹೆಸರು ಬರೆದ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎಂಬ ಗಾದೆ ಅವನಿಗೆ ಗೊತ್ತಿತ್ತು. ಗಾದೆ ಗೊತ್ತಿದ್ದು ಯಾರೂ ಉದ್ಧಾರವಾಗಿಲ್ಲ.

ಜೂನ್ ತಿಂಗಳ ಚಳಿಯಲ್ಲಿ ಒಂದು ಬೆಳಗ್ಗೆ, ಸಿಡ್ನಿಯ ಮ್ಯಾಕ್ವೆರಿ ಪಾರ್ಕಿನ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಅವನ ಮೊಬೈಲ್ ಹೊಡೆದುಕೊಂಡಿತು. ಶಿವಲಿಂಗವ್ವ. ಅವರು ತಾವಾಗಿ ಯಾರಿಗೂ ಫೋನ್ ಮಾಡಿದವರಲ್ಲ.

"ತಮ್ಮಾ, ನಾ ಸಹಿ ಮಾಡಿದ್ನ ನೀ ನೋಡಿದ್ಯಂತ, ಖರೇನಪಾ?"

"ಯಾವ ಸಹಿ ಆಂಟಿ?"

"ಮನಿದು. ನಾ ಯಾವ ಕಾಗದಾನೂ ಮುಟ್ಟಿಲ್ಲೋ ನಮ್ಮಪ್ಪಾ. ಮಾರೂದು ಬ್ಯಾಡ ಅಂತ ಯಾವಾಗಿಂದನೋ ಬಡಕೊಳ್ಳಾಕತ್ತೀನಿ. ನಿನ್ನೆ ಒಬ್ಬಾಕಿ ಬಂದು ಕಿಟಕಿ ಅಳತಿ ತಗೊಳ್ಳಾಕತ್ತಿದ್ಲು, ಕರ್ಟನ್ನಿಗಂತ. ಆಕಿ, ಆಕಿ ಗಂಡ ಹಿಂದಕ ಒಮ್ಮಿ ಬಂದಿದ್ರು. ಇವರ ಗೆಳೆಯಾರು ಅಂತ ತಿಳಕೊಂಡು ನಾನ ಉಪ್ಪಿಟ್ಟು ಮಾಡಿ ಹಾಕಿದ್ದೆ. ಮನಿ ನೋಡಾಕ ಬಂದಿದ್ರಂತ!"

ಅವರು ಅಳುತ್ತಿರಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಬಂದವಳಿಗೆ ತಮಗೆ ತಿಳಿದಷ್ಟು ಇಂಗ್ಲಿಷಿನಲ್ಲಿ "ಮೈ ಹೌಸ್, ನೋ ಸೆಲ್" ಎಂದರಂತೆ. ಅವಳು ಗಾಬರಿಬಿದ್ದು ತನ್ನ ವಕೀಲರಿಗೆ ಹೇಳಿದ್ದಾಳೆ. ವಕೀಲರು ಗಂಡ, ಹೆಂಡತಿ, ಸಾಕ್ಷಿ ಮೂವರೂ ಖುದ್ದಾಗಿ ಬಂದು ಹೇಳಿಕೆ ಕೊಡದೆ ಮನೆ ಕೈಬದಲಾಗುವುದಿಲ್ಲ ಎಂದಿದ್ದಾರೆ.

"ಅವರು ಬಂದ್ರು, ಇಡ್ತೀನಿ," ಎಂದು ಫೋನ್ ಕಡಿದರು. ಬಸ್ಸು ಬಂತು, ಬಾಗಿಲು ತೆರೆಯಿತು, ಮುಚ್ಚಿತು, ಹೋಯಿತು. ಲಕ್ಷ್ಮೀಶ ನಿಂತೇ ಇದ್ದ.

ಹೆದರಿಕೆ ಎಂದರೆ ಎಂಥದ್ದೆಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ ಎಂದೇ ಹೇಳಬೇಕು. ಈ ದೇಶದಲ್ಲಿ ಕಾಯಂ ನೆಲೆಸಲು ಹಾಕಿದ್ದ ಅವನ ಪಿಆರ್ ಅರ್ಜಿ ಸರ್ಕಾರದ ಮೇಜಿನ ಮೇಲಿತ್ತು. ನಡತೆ ಒಳ್ಳೆಯದು, ಯಾವ ಅಪರಾಧವೂ ಇಲ್ಲ ಎಂದು ಎರಡು ದೇಶಗಳ ಪೊಲೀಸರಿಂದ ಬರೆಸಿ ತಂದು ಲಗತ್ತಿಸಿದ್ದ. ನೋಡದ ಸಹಿಯನ್ನು ನೋಡಿದೆ ಎಂದು ಬರೆದುಕೊಟ್ಟವನ ನಡತೆ ಒಳ್ಳೆಯದು ಹೇಗಾದೀತು? ಹೆಂಡತಿ ಚಿನ್ಮಯಿಯ ವೀಸಾ ನೇತಾಡುತ್ತಿದ್ದುದೂ ಇವನ ಅರ್ಜಿಯ ಬಾಲಕ್ಕೇ. ಅವಳ ಕೆಲಸ ನಾರ್ತ್ ಸಿಡ್ನಿಯಲ್ಲಿ, ಹೊಟ್ಟೆಯಲ್ಲಿ ಆರು ತಿಂಗಳು. ಗಂಟು ಮೂಟೆ ಕಟ್ಟಿಕೊಂಡು ತಿಪಟೂರಿಗೆ ಹೋಗಿ, ಏನಾಯ್ತಪ್ಪಾ ಎಂದು ಕೇಳಿದವರಿಗೆ ಏನೆನ್ನುವುದು?

ಸಂಜೆಯ ಹೊತ್ತಿಗೆ ಅಂಕಲ್ ಫೋನ್ ಮಾಡಿದರು. ಚನ್ನಮಲ್ಲಪ್ಪನವರಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಅದು ಲಕ್ಷ್ಮೀಶನಿಗೆ ಅವರ ಮನೆಯಲ್ಲಿದ್ದಾಗಲೇ ಗೊತ್ತಾಗಿತ್ತು. ಒಮ್ಮೆ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. ಅಂಕಲ್ ತಟ್ಟೆ ಪಕ್ಕಕ್ಕಿಟ್ಟು, "ಶಿವಲಿಂಗೀ, ಒಳಗ ಬಾ," ಎಂದಿದ್ದರು, ಮಗುವನ್ನು ಕರೆದಷ್ಟು ಮೆಲ್ಲಗೆ. ಒಳಗಿನಿಂದ ಒಂದು ಸದ್ದೂ ಬರಲಿಲ್ಲ. ಮರುದಿನ ಆಂಟಿ ಎಡಗೈಯಲ್ಲೇ ಬಡಿಸಿದರು, ಬಲಗೈ ಸೆರಗಿನೊಳಗಿತ್ತು. ಲಕ್ಷ್ಮೀಶ ಕೇಳಲಿಲ್ಲ. ಇನ್ನೊಬ್ಬರ ಸಂಸಾರ, ನಾವು ಉಂಡು ಹೋಗುವವರು ಎಂದುಕೊಂಡಿದ್ದ.

"ತಮ್ಮಾ," ಎಂದಿತು ಆ ಮೆಲ್ಲನೆಯ ದನಿ, "ಟಿಕೆಟ್ ನಾ ಬುಕ್ ಮಾಡೀನಿ. ಬಂದು ಒಂದು ಮಾತು ಹೌದು ಅಂದು ಹೋಗು. ಸಂಜಿಗೆ ವಾಪಸ್ ನಿಮ್ಮನಿಯಾಗಿರ್ತೀ. ನಿನ್ನ ಪಿಆರ್ ಬರೂ ಹೊತ್ನ್ಯಾಗ ಇದೆಲ್ಲಾ ದೊಡ್ಡದಾಗೂದು ನನಗೂ ಬ್ಯಾಡ. ನಿನ್ನ ಹೆಂಡ್ತಿ ಬ್ಯಾರೆ ಬಸರಿ."

ಚಿನ್ಮಯಿಗೆ ಹೇಳದೆ ವಿಧಿಯಿರಲಿಲ್ಲ. ಅವಳು ಸೋಫಾದ ಮೇಲೆ ಕಾಲು ಚಾಚಿಕೊಂಡು ಪೂರ್ತಿ ಕೇಳಿದಳು.

"ನೀನು ಪಿಎಚ್‌ಡಿ ಮಾಡಿರೋದು ಯಾತರ ಮೇಲೆ, ಇನ್ನೊಂದ್ಸಲ ಹೇಳು?"

"ಚಿನ್ನೂ, ಪ್ಲೀಸ್."

"ಇಲ್ಲ, ಹೇಳು. ಆ ಪತ್ರಗಳಲ್ಲೆಲ್ಲ ಒಂದು ಸೆಂಟೆನ್ಸ್ ಬರತ್ತೆ ಅಂತಿದ್ಯಲ್ಲ."

ಬರುತ್ತಿತ್ತು. 'ಯಾರ ಬಲವಂತವೂ ಇಲ್ಲದೆ, ಯಾವ ಭಯವೂ ಇಲ್ಲದೆ, ಯಾವ ಮೋಸವೂ ಇಲ್ಲದೆ ಮಾರಿದ್ದೇನೆ' ಎಂದು ಪ್ರತಿ ರೈತನೂ, ಪ್ರತಿ ವಿಧವೆಯೂ ಬರೆಸುತ್ತಿದ್ದರು. ನಮ್ಮ ಸಬ್ ರಿಜಿಸ್ಟ್ರಾರ್ ಆಫೀಸಿನ ಪತ್ರಗಳಲ್ಲಿ 'ಸ್ವಸಂತೋಷದಿಂದ' ಎಂದು ಬರುವುದಿಲ್ಲವೆ, ಹಾಗೆ. ಅದು ಬರೀ ಒಕ್ಕಣೆ, ಬರೆಯುವವರ ಕೈಯ ಅಭ್ಯಾಸ, ಅದರಲ್ಲಿ ನಿಜವಾದ ಹೆದರಿಕೆಯನ್ನು ಹುಡುಕುವುದು ಮೂರ್ಖತನ ಎಂದು ಮುನ್ನೂರು ಪುಟ ಬರೆದೇ ಲಕ್ಷ್ಮೀಶ ಡಾಕ್ಟರ್ ಆದದ್ದು. ಪರೀಕ್ಷಕರು ಮೆಚ್ಚಿದ್ದರು. ಪಕ್ಕದೂರಿನ ಮಠವೋ ಸಾಹುಕಾರನೋ ಹಿಂದೆ ನಿಂತಿರುವಾಗ ಶಿಲುಬೆ ಗೀಚಿದ ಆ ಹೆಂಗಸರ ಮುಖ ಹೇಗಿತ್ತೆಂದು ಅವನು ಒಂದು ಸಲವೂ ಯೋಚಿಸಿರಲಿಲ್ಲ. ಈಗ ಯೋಚಿಸಿದ.

"ನಿಜ ಹೇಳಿದ್ರೆ ನಮ್ ವೀಸಾ ಹೋಗತ್ತೆ," ಎಂದಳು ಚಿನ್ಮಯಿ. "ಸುಳ್ಳು ಹೇಳಿದ್ರೆ ಆಂಟಿ ಮನೆ ಹೋಗತ್ತೆ. ನಾನೇನು ಹೇಳ್ಲಿ? ನಂಗೂ ಭಯ ಆಗ್ತಿದೆ ಲಕ್ಷ್ಮೀಶ. ಸುಳ್ಳು ಹೇಳ್ಬೇಡ ಅನ್ನೋಷ್ಟು ಒಳ್ಳೆಯವಳಲ್ಲ ನಾನು." ಅವಳು ಅವನ ಕೈ ಹಿಡಿದುಕೊಂಡಳು. ಅವಳ ಕೈಯೂ ತಣ್ಣಗಿತ್ತು.

ಮೆಲ್ಬರ್ನಿನ ವಿಮಾನ ನಿಲ್ದಾಣದಲ್ಲಿ ಅಂಕಲ್ ಸ್ವತಃ ಕಾದಿದ್ದರು. ಹೆಗಲ ಮೇಲೆ ಕೈ ಹಾಕಿ, ಊಟ ಆಯ್ತೇನು, ಹೆಂಡ್ತಿ ಆರಾಮಿದ್ದಾಳೇನು ಎಂದೆಲ್ಲ ಕೇಳಿದರು. ಇಷ್ಟು ಮರ್ಯಾದಸ್ಥರನ್ನು ಅನುಮಾನಿಸಿದೆನಲ್ಲ ಎಂದು ಅರೆಗಳಿಗೆ ಲಕ್ಷ್ಮೀಶನಿಗೆ ನಾಚಿಕೆಯೂ ಆಯಿತು. ಕಾರಿನ ಬಾಗಿಲು ತೆರೆದಾಗ ಆ ನಾಚಿಕೆ ಹೋಯಿತು. ಹಿಂದಿನ ಸೀಟಿನ ಮೂಲೆಯಲ್ಲಿ ಶಿವಲಿಂಗವ್ವ ಕೂತಿದ್ದರು. ಹಸಿರು ಸೀರೆಯ ಮೇಲೆ ಕಾರ್ಖಾನೆಯ ದಪ್ಪ ಜಾಕೆಟ್ಟು. ಇವನನ್ನು ನೋಡಿ ನಕ್ಕರು. ತುಟಿ ಮಾತ್ರ ನಕ್ಕಿತು.

"ಆರಾಮೇನಪಾ?"

"ಹೂಂ ಆಂಟಿ. ನೀವು?"

"ಆರಾಮ ಅದಾಳ," ಎಂದರು ಅಂಕಲ್.

ಮುಂದಿನ ಸೀಟಿನಲ್ಲಿ ಕೂತ ಲಕ್ಷ್ಮೀಶನಿಗೆ ಹಿಂದೆ ತಿರುಗುವ ಧೈರ್ಯವಾಗಲಿಲ್ಲ. ದಾರಿಯುದ್ದಕ್ಕೂ ಅಂಕಲ್ ಕಲ್ಯಾಣ ಮಂಟಪದ ವಿಷಯ ಹೇಳಿದರು. ಸಾವಿರ ಜನ ಕೂರುವ ಊಟದ ಮನೆ, ಕಮಾನಿನ ಮೇಲೆ ತಂದೆಯ ಹೆಸರು. ಲಕ್ಷ್ಮೀಶ ಹೂಂ ಹೂಂ ಎನ್ನುತ್ತಿದ್ದ. ಹಿಂದಿನಿಂದ ಉಸಿರಿನ ಸದ್ದೂ ಕೇಳುತ್ತಿರಲಿಲ್ಲ.

ಕೊಳ್ಳುವವರ ವಕೀಲರ ಆಫೀಸು ಬ್ರಾಡ್‌ಮೆಡೋಸ್‌ನಲ್ಲಿ ಒಂದು ಬೇಕರಿಯ ಮೇಲಿತ್ತು. ವಕೀಲರು ನಡುವಯಸ್ಸಿನ ಹೆಂಗಸು, ಮೂಗಿನ ತುದಿಯಲ್ಲಿ ಕನ್ನಡಕ. ಮೂವರನ್ನೂ ಕೂರಿಸಿ, ಕಾಗದವನ್ನು ಮೇಜಿನ ಮೇಲಿಟ್ಟು, ಶಿವಲಿಂಗವ್ವನವರಿಗೆ ಇಂಗ್ಲಿಷ್ ಎಷ್ಟು ಬರುತ್ತದೆ ಎಂದು ಕೇಳಿದರು.

"ನಾನು ಹೇಳುತ್ತೇನೆ ಅವಳಿಗೆ," ಎಂದರು ಅಂಕಲ್ ಇಂಗ್ಲಿಷಿನಲ್ಲಿ.

"ನೀವು ಬೇಡ," ಎಂದರು ವಕೀಲರು. "ಮಾರುವವರು ನೀವೇ ಅಲ್ಲವೆ? ಡಾಕ್ಟರ್ ಹೇಳಲಿ. ಅವರಿಗೂ ಭಾಷೆ ಬರುತ್ತದಲ್ಲ."

ಡಾಕ್ಟರ್ ಎಂದರೆ ಯಾರೆಂದು ಲಕ್ಷ್ಮೀಶನಿಗೆ ತಟ್ಟನೆ ಹೊಳೆಯಲಿಲ್ಲ. ಹೊಳೆದಾಗ ಜೀವ ಬಾಯಿಗೆ ಬಂತು. ಒಂದು ಹೌದು ಎಂದು ಓಡಿಹೋಗಲು ಬಂದವನ ಕೈಗೆ ಈಗ ಆಂಟಿಯ ಮಾತೂ ಬಂದು ಬಿದ್ದಿತ್ತು.

"ಈ ಸಹಿ ಅವರದೇ ಹೌದೇ ಎಂದು ಕೇಳಿ."

ಅವನು ಆಂಟಿಯ ಕಡೆ ತಿರುಗಿದ. "ಆಂಟಿ, ಇದು ನಿಮ್ಮ ಸಹಿನಾ ಅಂತ ಕೇಳ್ತಿದಾರೆ."

ಶಿವಲಿಂಗವ್ವ ಕಾಗದದ ಕಡೆ ನೋಡಲೂ ಇಲ್ಲ. "ಹೌದಂತ ಹೇಳಪಾ."

ಹೇಳಿದ. ವಕೀಲರು ಬರೆದುಕೊಂಡರು. ಅಂಕಲ್ ಕುರ್ಚಿಗೆ ಒರಗಿ ಕಾಲ ಮೇಲೆ ಕಾಲು ಹಾಕಿದರು.

"ತಮ್ಮ ಇಚ್ಛೆಯಿಂದ ಮಾಡಿದ್ದೋ? ಯಾರಾದರೂ ಹೆದರಿಸಿ ಮಾಡಿಸಿದ್ದೋ?"

"ಆಂಟಿ..." ಲಕ್ಷ್ಮೀಶ ಕನ್ನಡಕ ಸರಿಮಾಡಿಕೊಂಡ. "ಯಾರಾದ್ರೂ ಹೆದರಿಸಿದ್ರಾ ಅಂತ ಕೇಳ್ತಿದಾರೆ."

ಆಗ ಶಿವಲಿಂಗವ್ವ ಮಾತಾಡಿದರು. ಅಂಗಡಿಯ ಸಾಮಾನು ಹೇಳುವವರಂತೆ ಏರಿಳಿತವಿಲ್ಲದ ದನಿ. ಮುಖದ ಒಂದು ಗೆರೆಯೂ ಅಲುಗಲಿಲ್ಲ. ಭಾಷೆ ಬಾರದವರಿಗೆ ಅದು ಒಪ್ಪಿಗೆಯ ಮಾತೆಂದೇ ಕಾಣಬೇಕು, ಹಾಗೆ.

"ಅದು ನನ್ನ ಸಹಿ ಅಲ್ಲ. ನಿನಗೂ ಗೊತ್ತೈತಿ, ಇವರಿಗೂ ಗೊತ್ತೈತಿ. ಮೊನ್ನೆ ಸ್ಟೋವಿನ ಮುಂದ ನಿಂದರಿಸಿ ಕೇಳಿದ್ರು, ಹೌದಂತಿಯೋ ಇಲ್ಲೋ ಅಂತ. ಅಂತೀನಿ ಅಂದೆ. ಊರಿಗೆ ಹೋದ್ರ ನಾ ಇವರ ತಮ್ಮಂದಿರ ಮನಿಯಾಗ ಅಡಗಿ ಆಳು. ಇಲ್ಲಿ ನನ್ನ ಹೆಸರಿಂದು ಒಂದು ಬಾಗಲಾ ಇತ್ತು, ಹೋತು. ಹೋಗ್ಲಿ. ನಿನ್ನ ವೀಸಾ ಹೋಗತೈತಂತ, ನಿನ್ನ ಹೆಂಡ್ತಿ ಬಸರಿ ಅಂತ ಇವರು ಹೇಳ್ಯಾರ. ನಿನಗ ಉಣ್ಣಾಕ ಹಾಕಿದ ಕೈ, ನಿನ್ನ ಹೊಟ್ಟಿ ಮ್ಯಾಲೆ ಹ್ಯಾಂಗ ಹೊಡೀಲಿ? ಯಾರೂ ಹೆದರಿಸಿಲ್ಲ ಅಂತ ಹೇಳಿ ಮುಗಸು."

ಕೋಣೆಯಲ್ಲಿ ನಾಲ್ಕು ಜನ. ಮೂವರಿಗೆ ಎಲ್ಲವೂ ತಿಳಿದಿತ್ತು. ನಾಲ್ಕನೆಯವರು ಪೆನ್ನು ಹಿಡಿದು ಕಾಯುತ್ತಿದ್ದರು.

"ಬಹಳ ಹೊತ್ತು ಹೇಳಿದರಲ್ಲ," ಎಂದರು ವಕೀಲರು. "ಏನಂತೆ?"

ಅಂಕಲ್ ಕಾಲು ಕೆಳಗಿಳಿಸಿದರು. "ಹೇಳು ತಮ್ಮಾ," ಎಂದರು, ಅತಿ ಮೆಲ್ಲಗೆ.

ಲಕ್ಷ್ಮೀಶನಿಗೆ ಚಿನ್ಮಯಿಯ ತಣ್ಣನೆಯ ಕೈ ನೆನಪಾಯಿತು. ಇಲ್ಲ ಎಂಬುದೊಂದೇ ಮಾತು, ಯಾರೂ ಹೆದರಿಸಿಲ್ಲ ಎಂಬುದೊಂದೇ ಮಾತು, ಆಮೇಲೆ ವಿಮಾನ, ಮನೆ, ಮಗು. ಆಂಟಿಯೇ ಹೇಳು ಎಂದಿದ್ದಾರೆ. ಪಾಪವಿದ್ದರೆ ಅದರಲ್ಲಿ ಅರ್ಧವನ್ನು ಅವರೇ ಹೊತ್ತಿದ್ದಾರೆ. ಬಾಯಿ ತೆರೆದ. ಹೇಳಬೇಕೆಂದಿದ್ದ ಸುಳ್ಳು ಗಂಟಲಲ್ಲೇ ಉಳಿಯಿತು. ಅನುವಾದ ಮಾಡುವವರ ಮೊಂಡುತನವೋ ಏನೋ, ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೇ ಆಚೆ ದಾಟಿಸಿದ. ಅದು ನನ್ನ ಸಹಿ ಅಲ್ಲ ಎಂಬಲ್ಲಿಂದ ಹೇಳಿ ಮುಗಿಸು ಎಂಬವರೆಗೆ, ಒಂದು ಮಾತೂ ಬಿಡದೆ. ಸ್ಟೋವಿನ ಮಾತು ಬಂದಾಗ ದನಿ ಒಡೆಯಿತು. ಕೊನೆಗೆ ತನ್ನದನ್ನೂ ಸೇರಿಸಿದ. "ನಾನು ನೋಡಿರಲಿಲ್ಲ. ಅವರು ಆ ಊರಲ್ಲೇ ಇರಲಿಲ್ಲ. ನೋಡಿದೆ ಅಂತ ಸಹಿ ಹಾಕಿದ್ದು ನಾನೇ."

ವಕೀಲರು ಪೆನ್ನಿಗೆ ಮುಚ್ಚಳ ಹಾಕಿದರು. "ಇದನ್ನು ನಾನು ವರದಿ ಮಾಡಲೇಬೇಕು. ನಿಮ್ಮದೂ ಸೇರಿ. ಗೊತ್ತಲ್ಲ?"

"ಗೊತ್ತು."

ಚನ್ನಮಲ್ಲಪ್ಪ ಎದ್ದರು. ಕೂಗಾಡಲಿಲ್ಲ, ಮೇಜು ಗುದ್ದಲಿಲ್ಲ. ಕೋಟಿನ ಗುಂಡಿ ಹಾಕಿಕೊಂಡು ವಕೀಲರಿಗೆ ಥ್ಯಾಂಕ್ಯೂ ಎಂದರು. ಬಾಗಿಲ ಬಳಿ ನಿಂತು ಹೆಂಡತಿಗೆ, "ಕಾರಿನ್ಯಾಗ ಇರ್ತೀನಿ. ಬಾ," ಎಂದರು. ಕರುಣೆ ಉಕ್ಕುವಂಥ ದನಿ ಅದು.

ವಕೀಲರು ಪೊಲೀಸರನ್ನು ಕರೆಯಲೇ ಎಂದು ಕೇಳಿದರು. ಅವನು ಅದನ್ನು ಕನ್ನಡಕ್ಕೆ ತಂದ. ಶಿವಲಿಂಗವ್ವ ಬೇಡವೆಂದು ತಲೆಯಾಡಿಸಿದರು, ಪೊಲೀಸರು ಬಂದರೂ ಎಷ್ಟು ಹೊತ್ತು ನಿಂತಾರು ಎಂದರು. ವಕೀಲರು ಒಂದು ಚೀಟಿಯಲ್ಲಿ ಫೋನ್ ನಂಬರು ಬರೆದು ಅವರ ಜಾಕೆಟ್ಟಿನ ಜೇಬಿಗಿಟ್ಟು, ಜೆರಾಕ್ಸ್ ಯಂತ್ರದ ಕೋಣೆಗೆ ಹೋದರು.

ಈಗ ಇಬ್ಬರೇ. ದೊಡ್ಡ ಹೊರೆ ಇಳಿಸಿದವನಂತೆ ಲಕ್ಷ್ಮೀಶ ಉಸಿರುಬಿಟ್ಟ. ನಿಜ ಹೇಳಬೇಕೆಂದರೆ, ಅವನಿಗೆ ತನ್ನ ಬಗ್ಗೆ ಚೂರು ಹೆಮ್ಮೆಯೂ ಆಗಿತ್ತು. ಆಂಟಿ ಏನಾದರೂ ಹರಸಿಯಾರು ಎಂದು ಅವರ ಮುಖ ನೋಡಿದ. ಶಿವಲಿಂಗವ್ವ ಗಡಗಡ ನಡುಗುತ್ತಿದ್ದರು. ಇಷ್ಟು ಹೊತ್ತು ಅಲುಗದೆ ಕೂತಿದ್ದ ಹೆಂಗಸು ಕುರ್ಚಿಯ ಹಿಡಿ ಹಿಡಿದುಕೊಂಡಿದ್ದರು, ಕುರ್ಚಿಯೂ ಕಟಕಟ ಎನ್ನುತ್ತಿತ್ತು.

"ಹಂಗ್ಯಾಕ ಹೇಳಿದ್ಯೋ?" ಎಂದರು. "ನಾ ಏನು ಹೇಳಂದೆ, ನೀ ಏನು ಹೇಳಿದಿ? ನೀ ಖರೇ ಹೇಳಿ ವಿಮಾನ ಹತ್ತತೀ. ಆ ಕಾರು ಹತ್ತಾಕಿ ಯಾರು?"

ಲಕ್ಷ್ಮೀಶ ಕಿಟಕಿಯ ಹೊರಗೆ ನೋಡಿದ. ಬೇಕರಿಯ ಎದುರು ಕಾರು ನಿಂತಿತ್ತು. ಇಂಜಿನ್ ಆನ್ ಇತ್ತು, ಚಳಿಗೆ ಹಿಂದಿನಿಂದ ಬಿಳಿ ಹೊಗೆ ಬರುತ್ತಿತ್ತು. ತನ್ನ ವೀಸಾ, ತನ್ನ ಪಿಆರ್, ತನ್ನ ನಡತೆ ಎಂದು ಇಷ್ಟು ದಿನ ಹೆದರಿ ಸತ್ತನಲ್ಲ, ಅದೆಲ್ಲ ಎಷ್ಟರ ಹೆದರಿಕೆ ಎಂದು ಅವನಿಗೆ ಆಗ ತಿಳಿಯಿತು. ಆ ಹಳ್ಳಿಗಳ ಸಾಕ್ಷಿಗಳು ಪಕ್ಕದ ಹೊಲದವರು. ಸಹಿಯಾದ ಮರುದಿನವೂ ಅಲ್ಲೇ ಇರುತ್ತಿದ್ದರು, ಬೇಲಿಯಾಚೆ ಕೂಗಿದರೆ ಕೇಳುವಷ್ಟು ಹತ್ತಿರ. ಇದನ್ನು ಅವನು ಎಷ್ಟು ಸಲ ಓದಿರಲಿಲ್ಲ!

ಮೊಬೈಲ್ ತೆಗೆದು ಚಿನ್ಮಯಿಗೆ ಫೋನ್ ಮಾಡಿದ. "ನಿಜ ಹೇಳ್ಬಿಟ್ಟೆ," ಎಂದ. ಆ ಕಡೆ ಅವಳು ಮೂಗು ಒರೆಸಿಕೊಂಡದ್ದು ಕೇಳಿಸಿತು.

"ಆಂಟಿ ಎಲ್ಲಿ?"

"ಇಲ್ಲೇ ಇದಾರೆ. ಕೆಳಗಡೆ ಅಂಕಲ್ ಕಾರಲ್ಲಿ ಕಾಯ್ತಿದಾರೆ."

"ಆ ಕಾರು ಹತ್ತಿಸ್ಬೇಡ. ಇಲ್ಲಿಗೆ ಕರ್ಕೊಂಡ್ ಬಾ. ಟಿಕೆಟ್ ಸಿಗ್ದಿದ್ರೆ ಬಸ್ಸಲ್ಲಾದ್ರೂ ಬನ್ನಿ. ನಮ್ಮನ್ನ ಈ ದೇಶದಿಂದ ಓಡ್ಸೋಕೆ ಇನ್ನೂ ಟೈಮಿದೆ."

ಕೆಳಗೆ ಹಾರ್ನ್ ಆಯಿತು. ಒಂದೇ ಸಲ, ಗಟ್ಟಿಯಾಗಿಯೂ ಅಲ್ಲ. ಶಿವಲಿಂಗವ್ವ ಅಭ್ಯಾಸಬಲದಿಂದ ಎದ್ದು ನಿಂತರು. ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ನಡೆದೇ ಬಿಟ್ಟಿದ್ದರು.

"ಆಂಟಿ, ಆ ಕಾರು ಬೇಡ. ಸಿಡ್ನಿಗೆ ಹೋಗೋಣ, ನಮ್ಮನೆಗೆ. ಚಿನ್ಮಯಿ ಕರೀತಿದಾಳೆ."

ಅವರು ನಿಂತರು. ಈ ಮಾತನ್ನು ಎಷ್ಟು ನಂಬಬಹುದೆಂದು ಅಳೆಯುವವರಂತೆ ಅವನನ್ನು ನೋಡಿದರು. ಒಮ್ಮೆ ಅವನ ಹೆಸರು ನಂಬಿ ಯಾರೋ ಮನೆ ಕೊಳ್ಳಲು ಬಂದಿದ್ದರು, ನೋಡಬೇಕಾದ್ದೇ.

"ಅವರು ಕಾರಿಂದ ಇಳದು ಬರ್ತಾರ," ಎಂದರು. "ಮೆತ್ತಗ ಮಾತಾಡ್ತಾರ. ನೀ ಮತ್ತ ಹೂಂ ಅಂತೀ."

"ಅನ್ನಲ್ಲ ಆಂಟಿ."

"ಹಂಗಾರ ಮುಂದ ನೀ ನಡಿ. ನಾ ನಿನ್ನ ಹಿಂದ ಬರ್ತೀನಿ."

ಮೆಟ್ಟಿಲು ಕಡಿದಾಗಿತ್ತು, ಇಬ್ಬರು ಒಟ್ಟಿಗೆ ಇಳಿಯುವಂತಿರಲಿಲ್ಲ. ಕೆಳಗಿನ ಬಾಗಿಲಿಗೆ ಮಂಜುಗಾಜು. ಅದರಾಚೆ ಒಂದು ಎತ್ತರದ ನೆರಳು ಬಂದು ನಿಂತಿತು. ಹಿಂದೆ ಶಿವಲಿಂಗವ್ವ ಲಕ್ಷ್ಮೀಶನ ಕೋಟಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಅವನು ಕೈ ಚಾಚಿ ಬಾಗಿಲು ತೆರೆದ.